ಮೂವತ್ತೊಂದನೆಯ ಬಾಣ

ದಕ್ಷಿಣಾಮೂರ್ತಿಯವರಿಗೆ ಆ ಶನಿವಾರ ಒದಗಿದ ಸಂಕಟಕ್ಕೆಲ್ಲ ಮೂಲ, ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದಾದ ಒಂದು ಕೆಂಪು ಕಾಗದದ ಬಾಣ.

ದೆಹಲಿಯ ಓಖ್ಲಾದ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಅವರು ಇಪ್ಪತ್ತೆಂಟು ವರ್ಷಗಳಿಂದ ತಪ್ಪು ಹುಡುಕುವ ಕೆಲಸ ಮಾಡುತ್ತಿದ್ದರು. ಹೊರದೇಶಕ್ಕೆ ಹೋಗುವ ಅಂಗಿಗಳೆಲ್ಲ ಅವರ ಮೇಜನ್ನು ಹಾದೇ ಪೆಟ್ಟಿಗೆ ಸೇರಬೇಕು. ಸಡಿಲವಾದ ಗುಂಡಿ, ಬಿಟ್ಟ ಹೊಲಿಗೆ, ಕಾಲರಿನ ಮೇಲೆ ಎಣ್ಣೆಯ ಚುಕ್ಕೆ, ಯಾವುದು ಕಂಡರೂ ಅದರತ್ತ ಮೊನೆ ಮಾಡಿ ಅಂಟಿನ ಕೆಂಪು ಬಾಣವೊಂದನ್ನು ಒತ್ತುವರು. ಒಟ್ಟಿಗೆ ಬಂದ ಅಂಗಿಗಳ ಒಂದು ಲಾಟಿನಲ್ಲಿ ಹತ್ತಕ್ಕಿಂತ ಹೆಚ್ಚು ಬಾಣ ಬಿದ್ದರೆ ಇಡೀ ಲಾಟು ಹಿಂದಕ್ಕೆ. ರಿಪೇರಿಯಾಗಿ ಬಂದ ಮೇಲೆ, ಬಾಣ ಅಂಟಿಸಿದವರೇ ಮತ್ತೊಮ್ಮೆ ನೋಡಿ, ತಮ್ಮ ಕೈಯಾರೆ ಅದನ್ನು ಕೀಳಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ. ಈ ನಿಯಮವನ್ನು ದಕ್ಷಿಣಾಮೂರ್ತಿಯವರು ಸಂಧ್ಯಾವಂದನೆಗಿಂತ ನಿಷ್ಠೆಯಿಂದ ಪಾಲಿಸಿದ್ದರು. ಮದುವೆಮನೆಗೆ ಹೋದರೂ ಅವರ ಕಣ್ಣು ಮೊದಲು ಬೀಳುತ್ತಿದ್ದುದು ವರನ ಶೇರವಾನಿಯ ಕೊನೆಯ ಗುಂಡಿಯ ಮೇಲೆ.

ಆದರೆ ಈಗ ಪರೀಕ್ಷೆಗೆ ಬಂದಿದ್ದುದು ಅಂಗಿಯಲ್ಲ. ತಾಯಿಯಿಲ್ಲದ ಏಳು ವರ್ಷದ ದಕ್ಷಿಣಾಮೂರ್ತಿಯನ್ನು ಸಾಕಿ ಬೆಳೆಸಿದ ಸೋದರತ್ತೆ ಲೀಲಮ್ಮನವರು, ತಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಲಕ್ಷ್ಮೀ ನಗರದ ಮೂರನೆಯ ಮಹಡಿಯ ಬಾಡಿಗೆ ಮನೆಯ ಬಚ್ಚಲ ಹೊಸ್ತಿಲನ್ನು ಎಡವಿ ಸೊಂಟ ಮುರಿದುಕೊಂಡಿದ್ದರು. ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳು ಕಳೆದಿತ್ತು. ನಾಲ್ಕು ಕಾಲಿನ ವಾಕರ್ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ಮನೆಗೆ ಲಿಫ್ಟ್ ಇರಲಿಲ್ಲ. ದಕ್ಷಿಣಾಮೂರ್ತಿಯವರು ಓಖ್ಲಾಕ್ಕೆ, ಹೆಂಡತಿ ಪಂಕಜಾ ಶಾಲೆಗೆ ಹೊರಟರೆ, ಬೆಳಗ್ಗೆ ಎಂಟರಿಂದ ಸಂಜೆಯವರೆಗೆ ಅತ್ತೆ ಒಬ್ಬರೇ.

ಹೀಗಿರುವಾಗ ನೊಯ್ಡಾದಲ್ಲಿ ‘ಸಾಯಂಪ್ರಭಾ’ ಎಂಬ ವೃದ್ಧರ ಆರೈಕೆ ಮನೆಯ ಸುದ್ದಿ ಬಂದಿತು. ಅಲ್ಲಿ ಒಂದೇ ಒಂದು ಹಾಸಿಗೆ ಖಾಲಿಯಿತ್ತು. ಬೇಕೋ ಬೇಡವೋ ಎಂಬುದನ್ನು ಶನಿವಾರ ಸಂಜೆಯೊಳಗೆ ತಿಳಿಸಬೇಕಿತ್ತು.

“ನೀನು ಒಂದು ದಿನ ಅಲ್ಲಿದ್ದು, ಅವರು ಹಾಕಿದ್ದು ತಿಂದು ಬಾ,” ಎಂದಿದ್ದರು ಲೀಲಮ್ಮ. “ಆಮೇಲೆ ಹೋಗು ಅಂದ್ರೆ ಹೋಗ್ತೀನಿ, ಮೂರ್ತಿ. ಎರಡನೇ ಮಾತು ಕೇಳಲ್ಲ.”

ಆ ಮಾತಿನ ಭಾರಕ್ಕೆ ದಕ್ಷಿಣಾಮೂರ್ತಿಯವರ ನಿದ್ರೆ ಕೆಟ್ಟಿತು. ಅತ್ತೆಯನ್ನು ಕಳಿಸಲು ಅವರಿಗೆ ಮನಸ್ಸಿರಲಿಲ್ಲ. ಇಟ್ಟುಕೊಳ್ಳುವ ದಾರಿಯೂ ಕಾಣುತ್ತಿರಲಿಲ್ಲ. ಕೊನೆಗೆ ಧೈರ್ಯ ಬಂದದ್ದು ವೃತ್ತಿಯಿಂದಲೇ. ತಾವು ಮನಸ್ಸಿಟ್ಟು ಹುಡುಕಿದರೆ ಯಾವ ಜಾಗದಲ್ಲೇ ಆಗಲಿ ಹನ್ನೊಂದು ತಪ್ಪು ಸಿಕ್ಕೇ ಸಿಗುತ್ತದೆ. ಲಾಟು ಹಿಂದಕ್ಕೆ. ಮುಂದಿನದು ಆಮೇಲೆ.

ಇಷ್ಟಕ್ಕೇ ಬಿಟ್ಟಿದ್ದರೆ ಅವರು ನೆಟ್ಟಗೆ ಹೋಗಿ ನೆಟ್ಟಗೆ ಬರುತ್ತಿದ್ದರೋ ಏನೋ. ಆದರೆ ನೆಲಮಹಡಿಯಲ್ಲಿ ಸುಬೇದಾರ್ ಪೂವಣ್ಣ ಇದ್ದರು.

ಪೂವಣ್ಣನವರು ಮಡಿಕೇರಿ ಕಡೆಯವರು. ಸೈನ್ಯದಿಂದ ನಿವೃತ್ತರಾಗಿ ದೆಹಲಿಯಲ್ಲೇ ಉಳಿದವರು. ಹೆಂಡತಿ ಚಿಣ್ಣಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗ ರೆಜಿಮೆಂಟಿನೊಂದಿಗೆ ಗಡಿಯಲ್ಲಿದ್ದ. ಕಟ್ಟಡದ ನೀರಿನ ಮೋಟಾರಿನಿಂದ ಹಿಡಿದು ಮೆಟ್ಟಿಲ ಮೇಲಿನ ಬಲ್ಬಿನವರೆಗೆ ಎಲ್ಲದರ ದಂಡನಾಯಕತ್ವವನ್ನು ಅವರು ತಾವಾಗಿ ವಹಿಸಿಕೊಂಡಿದ್ದರು.

“ಹೇಳಿ ಹೋದ್ರೆ ಏನು ಕಾಣ್ತದೆ ನಿಮಗೆ?” ಎಂದರು ಅವರು, ಗುರುವಾರ ಸಂಜೆ ಮಹಡಿ ಹತ್ತಿ ಬಂದು. “ಜನರಲ್ ಸಾಹೇಬ್ರು ಬರ್ತಾರೆ ಅಂದ್ರೆ ನಾವು ಮರದ ಬುಡಕ್ಕೂ ಸುಣ್ಣ ಬಳೀತಿದ್ವಿ. ಅವರು ನೋಡಿದ್ದು ಸುಣ್ಣ, ಮರ ಅಲ್ಲ. ನೀವು ಹಾಗೆ ಹೋಗಬಾರದು. ರೋಗಿಯಾಗಿ ಹೋಗಿ. ಅಲ್ಲಿ ಒಂದು ದಿನ ಇದ್ದು ನೋಡುವ ಏರ್ಪಾಡು ಉಂಟು. ನಾನೇ ಫೋನ್ ಮಾಡಿ ಬರೆಸ್ತೇನೆ.”

“ನನಗಿನ್ನೂ ಐವತ್ತಾರು, ಸುಬೇದಾರ್ ಸಾಹೇಬ್ರೇ. ಅಲ್ಲಿ ಅರವತ್ತು ದಾಟಿರಬೇಕಂತೆ.”

ಪೂವಣ್ಣ ಇವರ ನರೆತ ತಲೆಯನ್ನೇ ದಿಟ್ಟಿಸಿ, “ನಿಮ್ಮನ್ನ ನೋಡಿದವರು ಸರ್ಟಿಫಿಕೇಟ್ ಕೇಳಲ್ಲ,” ಎಂದರು.

ಪಂಕಜಾ ಅಡುಗೆಮನೆಯಿಂದಲೇ, “ಕೇಳಿದ್ರೆ ನಾನು ಬರ್ಕೊಡ್ತೀನಿ,” ಎಂದಳು.

ನೋಡಬೇಕಾದುದರ ಪಟ್ಟಿ ಸಿದ್ಧವಾಯಿತು. ಬಿಸಿನೀರು ಬರುತ್ತದೆಯೇ, ಬಚ್ಚಲಲ್ಲಿ ಹಿಡಿಕೆ ಇದೆಯೇ, ಕರೆದರೆ ಎಷ್ಟು ಹೊತ್ತಿಗೆ ಬರುತ್ತಾರೆ, ಬಾಗಿಲು ತಟ್ಟಿ ಒಳಗೆ ಬರುತ್ತಾರೆಯೇ. ಕೊನೆಗೆ ಪೂವಣ್ಣನವರು ತಮ್ಮವೂ ಎರಡು ಸೇರಿಸಿದರು: ಮಂಚದ ಕೆಳಗೆ ಕಬ್ಬಿಣದ ಟ್ರಂಕು ಹಿಡಿಯುತ್ತದೆಯೇ, ಬೆಳಗಿನ ಐದು ಗಂಟೆಗೆ ವಾಕಿಂಗ್ ಹೋಗಲು ಗೇಟು ತೆಗೆಯುತ್ತಾರೆಯೇ. ವಾಕರ್ ಹಿಡಿದ ಅತ್ತೆಗೆ ಐದು ಗಂಟೆಯ ವಾಕಿಂಗ್ ಯಾಕೆಂದು ದಕ್ಷಿಣಾಮೂರ್ತಿಯವರಿಗೆ ಹೊಳೆಯಲಿಲ್ಲ. ಆದರೂ ಬರೆದುಕೊಂಡರು.

ಶನಿವಾರ ಬೆಳಗ್ಗೆ ಎರಡು ಸುರುಳಿ ಬಾಣಗಳಲ್ಲಿ ಒಂದನ್ನು ಜೇಬಿಗೆ ಹಾಕಿ, ಇನ್ನೊಂದನ್ನು ಊಟದ ಮೇಜಿನ ಮೇಲೆಯೇ ಬಿಟ್ಟು, ಪೂವಣ್ಣನವರ ಸ್ಕೂಟರಿನ ಹಿಂದೆ ಕುಳಿತರು. ವಿಕಾಸ್ ಮಾರ್ಗದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ಅದು. ನವೆಂಬರಿನ ಮಂಜಿಗೆ ಸಿಮೆಂಟಿನ ಧೂಳು ಬೆರೆತು, ನೊಯ್ಡಾ ತಲುಪುವ ಹೊತ್ತಿಗೆ ಅವರ ವಯಸ್ಸು ಯಾರ ಸಹಾಯವೂ ಇಲ್ಲದೆ ಅರವತ್ತಾರು ಆಗಿತ್ತು.

“ನಾಲ್ಕು ಗಂಟೆಗೆ ಬಂದು ಕರ್ಕೊಂಡು ಹೋಗ್ತೇನೆ,” ಎಂದು ಪೂವಣ್ಣ ಹೊರಟುಹೋದರು.

ಮೇಟ್ರನ್ ಭಾಟಿಯಾ ಎತ್ತರದ, ಗಟ್ಟಿ ದನಿಯ ಹೆಂಗಸು. ಮೊದಲು ಬೂಟು ಬಿಚ್ಚಿಸಿ ಮೆತ್ತನೆಯ ಚಪ್ಪಲಿ ಕೊಟ್ಟರು. ಆಮೇಲೆ ಮೊಬೈಲನ್ನು ಲಕೋಟೆಗೆ ಹಾಕಿ ಬೀರುವಿನಲ್ಲಿಟ್ಟರು. ಆಮೇಲೆ ರಕ್ತದೊತ್ತಡ ನೋಡಿ ತಲೆ ಅಲ್ಲಾಡಿಸಿದರು.

“ಬಾಬೂಜಿ, ಇವತ್ತಿನಿಂದ ಉಪ್ಪು ಬಂದ್,” ಎಂದರು ಹಿಂದಿಯಲ್ಲಿ.

ದಕ್ಷಿಣಾಮೂರ್ತಿಯವರು ಅಷ್ಟರಲ್ಲಿ ಮೊದಲ ಬಾಣ ಅಂಟಿಸಿಯಾಗಿತ್ತು. ಅವರಿಗೆ ಕೊಟ್ಟ ಮಂಚದ ಒಂದು ಕಾಲು ಗಿಡ್ಡವಾಗಿತ್ತು. ಎರಡನೆಯದು ಸೋರುವ ನಲ್ಲಿಗೆ. ಮೂರನೆಯದು ಶೌಚಾಲಯದ ಕರೆಗಂಟೆಗೆ. ಅದು ಕುಳಿತವರ ಕೈಗೆ ಎಟುಕುತ್ತಿರಲಿಲ್ಲ. ಹತ್ತು ಗಂಟೆಯೊಳಗೆ ಮಡಚಿಕೊಂಡ ಕಾಲೊರಸು, ಗೊರಗುಟ್ಟುವ ಫ್ಯಾನು, ಹತ್ತು ನಿಮಿಷ ಹಿಂದಿದ್ದ ಗೋಡೆ ಗಡಿಯಾರ, ಗಾಲಿಕುರ್ಚಿಯೊಂದರ ಹರಿದ ಪಟ್ಟಿ, ಎಲ್ಲಕ್ಕೂ ಬಿದ್ದು ಒಟ್ಟು ಏಳಾಯಿತು. ಇನ್ನು ನಾಲ್ಕು ಸಿಕ್ಕರೆ ಅತ್ತೆ ಉಳಿದಂತೆ. ಅವರ ಎದೆ ಹಗುರವಾಯಿತು.

ಆಗ ಬೆನ್ನ ಹಿಂದೆ ಮೇಟ್ರನ್ ನಿಂತಿದ್ದರು.

“ಇದೇನು ಬಾಬೂಜಿ?”

ಸಿಕ್ಕಿಬಿದ್ದ ಮೇಲೆ ಮುಚ್ಚಿಡುವುದು ಅವರಿಗೆ ಸರಿಕಾಣಲಿಲ್ಲ. ಗಂಭೀರವಾಗಿ ಹೇಳಿದರು: “ನಾನು ಇಲ್ಲಿ ಇರೋಕೆ ಬಂದವನಲ್ಲ. ನಿಮ್ಮ ಆರೈಕೆಯ ಗುಣಮಟ್ಟ ಪರೀಕ್ಷೆ ಮಾಡೋಕೆ ಬಂದಿದ್ದೀನಿ.”

ಮೇಟ್ರನ್ ಮುಖದಲ್ಲಿ ಆಶ್ಚರ್ಯದ ಗೆರೆಯೂ ಮೂಡಲಿಲ್ಲ. ಅವರು ಪಕ್ಕದಲ್ಲಿದ್ದ ನರ್ಸಿನ ಕಡೆ ತಿರುಗಿ, “ಸುಬೇದಾರ್ ಸಾಹೇಬ್ರು ಹೇಳಿದ್ದು ಇದನ್ನೇ,” ಎಂದರು ಮೆಲ್ಲಗೆ. “ಇನ್‌ಸ್ಪೆಕ್ಟರ್ ಅಂತ ಹೇಳ್ಕೋತಾರೆ, ಎದುರು ಹೇಳಬೇಡಿ ಅಂದಿದ್ರು.”

ಗುಟ್ಟು ಬಯಲಾದರೂ ಯಾರೂ ನಂಬದಿರಲೆಂದು ಪೂವಣ್ಣನವರು ಮುಂಚಿತವಾಗಿ ಮಾಡಿದ್ದ ರಕ್ಷಣಾ ವ್ಯವಸ್ಥೆ ಅದು. ಸೈನಿಕರ ಕೆಲಸ, ಭದ್ರವಾಗಿಯೇ ಇತ್ತು. ದಕ್ಷಿಣಾಮೂರ್ತಿಯವರು ಓಖ್ಲಾದ ಹೆಸರು ಹೇಳಿದರು, ಕಾರ್ಖಾನೆಯ ಗುರುತಿನ ಚೀಟಿ ಮನೆಯಲ್ಲಿದೆಯೆಂದರು, ಐವತ್ತಾರೇ ವಯಸ್ಸೆಂದು ಆಣೆಯಿಟ್ಟರು. ಪ್ರತಿಯೊಂದಕ್ಕೂ ನರ್ಸು, “ಹೌದು ಬಾಬೂಜಿ,” ಎಂದಳು. ಅಷ್ಟು ಮೃದುವಾಗಿ ಅವರ ಮಾತಿಗೆ ಒಪ್ಪಿದವರು ಇಪ್ಪತ್ತೆಂಟು ವರ್ಷದ ವೃತ್ತಿಯಲ್ಲಿ ಯಾರೂ ಇರಲಿಲ್ಲ.

ಇದರ ಮೇಲೆ ನಡೆದದ್ದು ಅವರ ಊಹೆಗೆ ಮೀರಿದ್ದು. ಮೇಟ್ರನ್ ರಿಪೇರಿಯ ಮಿಸ್ತ್ರಿಯನ್ನು ಕರೆಸಿ, “ಬಾಣ ಎಲ್ಲೆಲ್ಲಿದೆಯೋ ಅಲ್ಲೆಲ್ಲ ನೋಡು,” ಎಂದರು. ನರ್ಸು ಅಚ್ಚರಿಯಿಂದ, “ಆದರೆ ಬಾಬೂಜಿ ತಲೆ...” ಎಂದು ತಡೆದಳು.

“ಅವರ ತಲೆ ಹೇಗಾದರೂ ಇರಲಿ,” ಎಂದರು ಮೇಟ್ರನ್. “ನಲ್ಲಿ ಸೋರ್ತಿರೋದು ನಿಜ ತಾನೆ.”

ಮಧ್ಯಾಹ್ನದೊಳಗೆ ಮಂಚದ ಕಾಲಿಗೆ ರಬ್ಬರು ಬಂತು, ಗಂಟೆ ಕೆಳಕ್ಕಿಳಿಯಿತು, ಗಡಿಯಾರ ದೇಶದ ಉಳಿದ ಭಾಗದ ಜೊತೆ ಸೇರಿತು. ಬಾಣಗಳನ್ನು ಮಾತ್ರ ಮಿಸ್ತ್ರಿ ಮುಟ್ಟಲು ದಕ್ಷಿಣಾಮೂರ್ತಿಯವರು ಬಿಡಲಿಲ್ಲ. ನಿಯಮ ನಿಯಮವೇ. ಅವರೇ ಒಂದೊಂದರ ಬಳಿಗೂ ಹೋಗಿ, ನಲ್ಲಿ ತಿರುಗಿಸಿ, ಮಂಚ ಅಲ್ಲಾಡಿಸಿ, ತಮ್ಮ ಕೈಯಾರೆ ಏಳು ಬಾಣಗಳನ್ನೂ ಕಿತ್ತರು. ಪ್ರತಿಯೊಂದನ್ನು ಕೀಳುವಾಗಲೂ ಅತ್ತೆ ಒಂದೊಂದು ಮೆಟ್ಟಿಲು ಇಳಿದು ಹೋಗುತ್ತಿರುವಂತೆ ಅನ್ನಿಸಿತು.

ಅಲ್ಲಿಗೆ ಲೆಕ್ಕ ಸೊನ್ನೆ. ಊಟಕ್ಕೆ ಬಂದ ಖಿಚಡಿ ಉಪ್ಪಿಲ್ಲದೆ ಬ್ಯಾಂಕಿನ ಫಾರಮ್ಮಿನಂತೆ ರುಚಿಸಿತು. ಅದಕ್ಕೊಂದು ಬಾಣ ಅಂಟಿಸೋಣವೆಂದರೆ ತಪ್ಪು ಖಿಚಡಿಯದಲ್ಲ, ತಮ್ಮ ರಕ್ತದ್ದು. ಊಟವಾದ ಮೇಲೆ ಒಬ್ಬಳು ಆಯಾ ಬಂದು ಅವರ ಕಾಲನ್ನು ಬಿಸಿನೀರಿನಲ್ಲಿಟ್ಟು ಉಗುರು ಕತ್ತರಿಸಿದಳು. “ಎಷ್ಟು ದಿನದಿಂದ ಯಾರೂ ನೋಡಿಲ್ಲ ಬಾಬೂಜಿ,” ಎಂದಳು. ಅವರು ಪ್ರತಿಭಟಿಸಬೇಕೆಂದುಕೊಂಡರು, ಅಷ್ಟರಲ್ಲಿ ನಿದ್ರೆ ಬಂದುಬಿಟ್ಟಿತು.

ಎದ್ದಾಗ ನಾಲ್ಕು ಗಂಟೆ. ಜಗಲಿಗೆ ಬಂದರು. ಅಲ್ಲಿ ಸಾಲಾಗಿ ಹದಿನಾಲ್ಕು ಬೆತ್ತದ ಕುರ್ಚಿಗಳು, ಅವುಗಳಲ್ಲಿ ಮುದುಕರು, ಮುದುಕಿಯರು. ಅವರು ಕೊನೆಯ ಆಸೆಯಿಂದ ಒಂದೊಂದೇ ಕುರ್ಚಿಯ ಕಾಲನ್ನು ಅಲ್ಲಾಡಿಸುತ್ತ, “ಇದೂ ಗಟ್ಟಿ,” ಎಂದು ಕನ್ನಡದಲ್ಲಿ ಗೊಣಗಿದರು.

“ಕಾಲು ಗಟ್ಟಿಯಾಗೇ ಇದೆ,” ಎಂದಿತು ಕುರ್ಚಿಯ ಮೇಲಿನಿಂದ ಒಂದು ಕನ್ನಡ ದನಿ. “ಏಳು ಬಾಣದವರು ನೀವೇ ಏನು?”

ಬಿಳಿ ಶಾಲು ಹೊದ್ದ ಆಕೆಯ ಹೆಸರು ರತ್ನಪ್ರಭಾ. ಮೈಸೂರಿನವರು, ದೆಹಲಿಯ ಸರ್ಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ದುಡಿದು, ಇಲ್ಲಿಗೆ ಬಂದು ಆರು ವರ್ಷ. ದಕ್ಷಿಣಾಮೂರ್ತಿಯವರು ಅವರೆದುರು ಎಲ್ಲವನ್ನೂ ಹೇಳಿಕೊಂಡರು. ಆಕೆ ನಂಬಿದರು. ಇಡೀ ದಿನದಲ್ಲಿ ಅವರನ್ನು ನಂಬಿದ ಮೊದಲ ಮನುಷ್ಯರು.

“ಇಲ್ಲಿ ತಪ್ಪು ಸಿಗಲ್ಲ ರೀ ನಿಮಗೆ,” ಎಂದರು. “ಊಟ ಹೊತ್ತಿಗೆ ಬರುತ್ತೆ, ಮಾತು ಮೆತ್ತಗೆ ಆಡ್ತಾರೆ. ನೀವು ಕುರ್ಚಿ ಕಾಲನ್ನೆಲ್ಲ ನೋಡಿದ್ರಿ. ಮುಖ ಯಾವ ಕಡೆಗಿದೆ ನೋಡಿದ್ರಾ?”

ಅವರು ನೋಡಿದರು. ಹದಿನಾಲ್ಕು ಕುರ್ಚಿಗಳೂ ಗೇಟಿನ ಕಡೆಗೆ ಮುಖ ಮಾಡಿದ್ದವು. ಎಡಕ್ಕೆ ಚೆಂಡುಹೂವಿನ ತೋಟವಿತ್ತು, ಬಲಕ್ಕೆ ಇಳಿಬಿಸಿಲಿತ್ತು. ಒಬ್ಬರೂ ಅತ್ತ ತಿರುಗಿರಲಿಲ್ಲ.

“ದಿನಾ ಬೆಳಗ್ಗೆ ಆಯಾ ತೋಟದ ಕಡೆಗೇ ಹಾಕ್ತಾಳೆ,” ಎಂದರು ರತ್ನಪ್ರಭಾ. “ನಾವು ತಿರುಗಿಸ್ಕೋತೀವಿ. ಇದಕ್ಕೆ ಬಾಣ ಇದ್ಯಾ ನಿಮ್ಮ ಹತ್ರ?”

ಕುರ್ಚಿಗೊಂದರಂತೆ ಹದಿನಾಲ್ಕು. ಲಾಟು ಹಿಂದಕ್ಕೆ ಹೋಗಲು ಬೇಕಾದುದಕ್ಕಿಂತ ಮೂರು ಹೆಚ್ಚೇ. ದಕ್ಷಿಣಾಮೂರ್ತಿಯವರು ಆತುರದಿಂದ ಸುರುಳಿ ತೆಗೆದು, ಒಂದು ಬಾಣ ಬಿಡಿಸಿ, ಹಾಗೆಯೇ ನಿಂತರು. ಕುರ್ಚಿ ಸರಿಯಾಗಿದೆ. ಗೇಟೂ ಸರಿಯಾಗಿದೆ. ಬಾಣದ ಮೊನೆಯನ್ನು ಯಾವುದರ ಕಡೆಗೆ ಮಾಡುವುದು? ಗೇಟಿನಾಚೆ ಬರಿಯ ರಸ್ತೆ. ಅವರು ಬಾಣವನ್ನು ಮತ್ತೆ ಸುರುಳಿಗೇ ಅಂಟಿಸಿದರು.

ನಾಲ್ಕೂವರೆಯಾಯಿತು. ಪೂವಣ್ಣ ಬರಲಿಲ್ಲ. ಮನೆಗೆ ಹೋಗಬೇಕೆಂದು ಗೇಟಿಗೆ ಹೋದರೆ ಕಾವಲುಗಾರ, “ಕರೆದುಕೊಂಡು ಬಂದವರು ಸಹಿ ಹಾಕಬೇಕು ಬಾಬೂಜಿ,” ಎಂದ.

“ನನಗೆ ಸೋಮವಾರ ಡ್ಯೂಟಿ ಇದೆ ಭಯ್ಯಾ.”

“ಹೌದು ಬಾಬೂಜಿ. ಆ ನೀಲಿ ಟೋಪಿಯವರಿಗೂ ಸೋಮವಾರ ಹೈಕೋರ್ಟಿನಲ್ಲಿ ಕೇಸಿದೆ. ಹನ್ನೆರಡು ವರ್ಷದಿಂದ ಇದೆ.”

ರತ್ನಪ್ರಭಾ ಪಕ್ಕದಲ್ಲಿ ಹದಿನೈದನೆಯ ಕುರ್ಚಿ ಹಾಕಿಸಿದರು. ದಕ್ಷಿಣಾಮೂರ್ತಿಯವರು ಕುಳಿತರು, ಗೇಟಿನ ಕಡೆಗೆ ಮುಖಮಾಡಿ. ಒಂದು ಸ್ಕೂಟರ್ ಬಂತು, ಹಾಲಿನವನದು. ಒಂದು ಕಾರು ಬಂತು, ಔಷಧಿಯದು. ಪ್ರತಿ ಸಲವೂ ಹದಿನೈದು ಕತ್ತುಗಳು ಒಟ್ಟಿಗೆ ಮೇಲೆದ್ದು ಒಟ್ಟಿಗೆ ಇಳಿದವು. ತಮ್ಮ ಕತ್ತನ್ನು ಅದರಿಂದ ಬಿಡಿಸಿಕೊಳ್ಳಲು ಅವರಿಗೆ ಆಗಲಿಲ್ಲ. ಐದೂವರೆಯ ಹೊತ್ತಿಗೆ ಅವರ ತೀರ್ಮಾನ ಗಟ್ಟಿಯಾಯಿತು. ಬಾಣ ಎಷ್ಟಾದರೂ ಇರಲಿ, ಅತ್ತೆಯನ್ನು ಇಲ್ಲಿ ಬಿಡುವುದಿಲ್ಲ. ಬದುಕಿನಲ್ಲಿ ಮೊದಲ ಸಲ ಒಳ್ಳೆಯ ಮಾಲನ್ನು ಕೆಟ್ಟದ್ದೆಂದು ಬರೆಯುತ್ತೇನೆ.

ಅಷ್ಟರಲ್ಲಿ ಹೆಗಲ ಮೇಲೆ ಕೈ ಬಿತ್ತು. ಪೂವಣ್ಣ. ಬಂದದ್ದು ಗೇಟಿನಿಂದಲ್ಲ, ಹಿಂದಿನಿಂದ.

“ಎಲ್ಲಿ ಹೋಗಿದ್ರಿ ಇಷ್ಟು ಹೊತ್ತು?”

“ಕೆಲಸ ಇತ್ತು. ಚಲೋ, ಹೊರಡೋಣ,” ಎಂದಷ್ಟೇ ಹೇಳಿದರು ಸುಬೇದಾರರು. ದಾರಿಯಲ್ಲಿ, ವಿಕಾಸ್ ಮಾರ್ಗದ ಸಿಗ್ನಲ್ಲಿನಲ್ಲಿ ನಿಂತಾಗ, “ಏಳನ್ನೂ ಸರಿಮಾಡಿದ್ರಂತೆ, ಅಲ್ಲವಾ?” ಎಂದು ಕೇಳಿದರು.

ಮೂರು ಮಹಡಿ ಹತ್ತಿ ಬಂದಾಗ ಬಾಗಿಲು ತೆರೆದೇ ಇತ್ತು. ಲೀಲಮ್ಮ ಕುರ್ಚಿಯಲ್ಲಿ ಕುಳಿತಿದ್ದರು. ದಕ್ಷಿಣಾಮೂರ್ತಿಯವರು ಅವರ ಕಾಲ ಬಳಿ ನೆಲದ ಮೇಲೆ ಕುಸಿದು ಬೂಟು ಬಿಚ್ಚತೊಡಗಿದರು. ಅತ್ತೆ ಬಾಗಿ, ಏಳು ವರ್ಷದ ಹುಡುಗನಿಗೆ ಮಾಡುತ್ತಿದ್ದಂತೆ, ಅವರ ಬೆನ್ನ ಮೇಲೆ ಕೈಯಿಟ್ಟು ಒಮ್ಮೆ ಒತ್ತಿದರು.

“ಅತ್ತೆ, ಆ ಜಾಗ ಪಾಸಾಗಲಿಲ್ಲ,” ಎಂದರು ತಲೆಯೆತ್ತದೆ.

“ಎಷ್ಟು ಬಾಣ?”

ಸುಳ್ಳು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. “ಏಳು. ಮಧ್ಯಾಹ್ನದೊಳಗೆ ಏಳನ್ನೂ ಸರಿಮಾಡಿದ್ರು.”

“ನಿನ್ನ ಲೆಕ್ಕದಲ್ಲಿ ಹತ್ತರವರೆಗೆ ಪಾಸು,” ಎಂದರು ಲೀಲಮ್ಮ. “ಈಗ ಸ್ವಲ್ಪ ಈ ಮನೇನೂ ನೋಡು.”

ಅವರು ತಲೆಯೆತ್ತಿದರು. ಮೇಜಿನ ಮೇಲೆ ಬಿಟ್ಟುಹೋಗಿದ್ದ ಸುರುಳಿ ಅತ್ತೆಯ ಮಡಿಲಲ್ಲಿತ್ತು. ಮನೆಯೆಲ್ಲ ಕೆಂಪಾಗಿತ್ತು. ಬಚ್ಚಲ ಬಾಗಿಲ ಚೌಕಟ್ಟಿಗೆ, ಹೊಸ್ತಿಲಿನತ್ತ ಮೊನೆ ಮಾಡಿದ ಮೂರು ಬಾಣ. ವಾಕರ್ ಹಿಡಿದವರ ಕೈಗೆ ಎಟುಕದ ಸ್ವಿಚ್ಚುಗಳ ಕೆಳಗಿನ ಗೋಡೆಗೆ, ಮೊನೆ ಮೇಲೆ ಮಾಡಿ. ನೀರಿನ ತಂಬಿಗೆಯಿದ್ದ ಎತ್ತರದ ಕಪಾಟಿನ ಕೆಳಗೆ, ಹಾಗೆಯೇ. ಬ್ಯಾಟರಿ ಸತ್ತ ರಿಮೋಟಿಗೆ. ಸೆಪ್ಟೆಂಬರಿನಲ್ಲೇ ನಿಂತುಹೋದ ಗೋಡೆಯ ಕ್ಯಾಲೆಂಡರಿಗೆ. ಆಗಲೇ ಶಾಲೆಯಿಂದ ಬಂದು ಮೂಲೆಯಲ್ಲಿ ನಿಂತಿದ್ದ ಪಂಕಜಾಳ ಮೊಣಕೈಗೂ ಒಂದು. “ನಾನು ಒಳಗೆ ಬಂದ ಕೂಡಲೇ ಅಂಟಿಸಿದ್ರು,” ಎಂದಳು ಅವಳು. “ಬೆಳಗ್ಗೆ ಕಾಫಿ ಕೊಟ್ಟು ಕೂತು ಮಾತಾಡೋಲ್ವಂತೆ.”

“ಮೂವತ್ತೊಂದು,” ಎಂದರು ಲೀಲಮ್ಮ.

ವೃತ್ತಿಯ ಅಭ್ಯಾಸ ಬಿಡಲಿಲ್ಲ. ದಕ್ಷಿಣಾಮೂರ್ತಿಯವರು ಎದ್ದು ಎಣಿಸಿದರು. “ಮೂವತ್ತಿದೆ ಅತ್ತೆ.”

“ಮೂವತ್ತೊಂದು. ಹುಡುಕು, ಸಿಗುತ್ತೆ.”

“ಹಾಗಾದ್ರೆ...” ಅವರು ಸುರುಳಿಯತ್ತ ನೋಡಿದರು. “ಲಾಟು ಹಿಂದಕ್ಕಾ? ಅಲ್ಲಿಗೇ ಹೋಗ್ತೀಯಾ?”

ಲೀಲಮ್ಮ ಸುರುಳಿಯನ್ನು ಮೇಜಿನ ಮೇಲಿಟ್ಟರು. “ಬಾಣ ಅಂಟಿಸಿದ ಅಂಗೀನ ನಿಮ್ಮ ಫ್ಯಾಕ್ಟರೀಲಿ ಬಿಸಾಕ್ತಾರಾ?”

“ಇಲ್ಲ. ರಿಪೇರಿಗೆ ಹೋಗುತ್ತೆ.”

“ಅಲ್ಲಿಯವರು ಮಧ್ಯಾಹ್ನದೊಳಗೆ ಮಾಡಿದ್ರು. ನಿನಗೆ ಸೋಮವಾರದವರೆಗೆ ಟೈಮಿದೆ. ಮೊದಲು ಹೊಸ್ತಿಲು ಒಡಿ.”

ದಕ್ಷಿಣಾಮೂರ್ತಿಯವರು ಬಹಳ ಹೊತ್ತು ಮುಖ ಒರೆಸಿಕೊಂಡರು. ಆಮೇಲೆ ಮಾತು ಕೊಟ್ಟಂತೆ ತಿಳಿಸಿಬಿಡೋಣವೆಂದು ಸಾಯಂಪ್ರಭಾಕ್ಕೆ ಫೋನ್ ಮಾಡಿದರು. ಹಾಸಿಗೆ ನಮಗೆ ಬೇಡ, ಬೇರೆ ಯಾರಿಗಾದರೂ ಕೊಡಿ ಎಂದರು.

“ಕೊಟ್ಟಾಯ್ತು ಬಾಬೂಜಿ,” ಎಂದಿತು ಮೇಟ್ರನ್ ದನಿ. “ನಿಮ್ಮ ಸುಬೇದಾರ್ ಸಾಹೇಬ್ರೇ ತಗೊಂಡ್ರು. ಮೂರು ಗಂಟೆಗೇ ಬಂದಿದ್ರಲ್ಲ, ನೀವು ಮಲಗಿದ್ರಿ. ಐದೂವರೆವರೆಗೆ ಡಾಕ್ಟರು ಪರೀಕ್ಷೆ ಮಾಡಿದ್ರು, ಫಾರಂ ತುಂಬಿದ್ರು. ನಾಳೆ ಬೆಳಗ್ಗೆ ಬರ್ತಾರೆ. ಹೇಳಿಲ್ವಾ ನಿಮಗೆ? ನೀವೂ ಉಪ್ಪು ಬಿಡಿ ಬಾಬೂಜಿ.”

ಅವರು ಕೆಳಗಿಳಿದು ಹೋದರು. ನೆಲಮಹಡಿಯ ಬಾಗಿಲು ತೆರೆದಿತ್ತು. ಹೆಸರು, ನಂಬರು, ರೆಜಿಮೆಂಟು ಬಿಳಿಯ ಬಣ್ಣದಲ್ಲಿ ಬರೆದ ಕಪ್ಪು ಟ್ರಂಕಿನಲ್ಲಿ ಪೂವಣ್ಣನವರು ಮಡಚಿದ ಬಟ್ಟೆಗಳನ್ನು ಅಳತೆಗೋಲಿಟ್ಟಂತೆ ಜೋಡಿಸುತ್ತಿದ್ದರು. ಒಂದೇ ಕುರ್ಚಿ, ಒಂದೇ ತಟ್ಟೆ, ಗೋಡೆಯ ಮೇಲೆ ಚಿಣ್ಣಮ್ಮನವರ ಫೋಟೋ. ಹನ್ನೊಂದು ವರ್ಷ ಒಂದೇ ಕಟ್ಟಡದಲ್ಲಿದ್ದೂ ಈ ಕೋಣೆಯನ್ನು ದಕ್ಷಿಣಾಮೂರ್ತಿಯವರು ಒಳಗಿನಿಂದ ನೋಡಿದ್ದು ಅದೇ ಮೊದಲು.

“ಮಂಚದ ಕೆಳಗೆ ಟ್ರಂಕು ಹಿಡೀತದೆ,” ಎಂದರು ಪೂವಣ್ಣ, ತಿರುಗದೆ. “ನಾನೇ ಅಳೆದು ನೋಡಿದೆ. ನೀವು ಮರೆತಿರಿ ಅಂತ ಕಾಣ್ತದೆ.”

“ನನ್ನನ್ನ ಕಳಿಸಿದ್ದು ನಿಮಗೋಸ್ಕರವಾ?”

“ಅತ್ತೆಯವರಿಗೂ ಹೌದು. ಅವರಿಗೆ ನೀವೆಲ್ಲ ಇದ್ದೀರಿ, ಅವರು ಹೋಗಲ್ಲ ಅಂತ ನನಗೆ ಗೊತ್ತಿತ್ತು. ಬರೀ ನನಗೆ ಅಂದಿದ್ರೆ ನೀವು ರಜೆ ಹಾಕ್ತಿದ್ರಾ?” ಅವರು ಒಂದು ಸ್ವೆಟರನ್ನು ಎರಡನೆಯ ಸಲ ಮಡಚಿದರು. “ಇಲ್ಲಿ ನನ್ನ ನಲ್ಲಿ ಮೂರು ವರ್ಷದಿಂದ ಸೋರ್ತದೆ, ಮೂರ್ತಿಯವರೇ. ಇಡೀ ಬಿಲ್ಡಿಂಗಿಂದು ನಾನು ರಿಪೇರಿ ಮಾಡಿಸಿದೆ. ನನ್ನದು ಸೋರ್ತಾ ಉಂಟು ಅಂತ ಹೇಳೋಕೆ ಯಾರಾದ್ರೂ ಒಳಗೆ ಬರಬೇಕಲ್ಲ.”

ದಕ್ಷಿಣಾಮೂರ್ತಿಯವರು ಹೊಸ್ತಿಲು ಒಡೆಯಲು ಸುತ್ತಿಗೆ, ಉಳಿ ಬೇಕಿತ್ತೆಂದು ಮಾತ್ರ ಹೇಳಿದರು. ಪೂವಣ್ಣ ಎರಡನ್ನೂ ತೆಗೆದುಕೊಟ್ಟು, “ನಿಮ್ಮಲ್ಲೇ ಇರಲಿ. ಅಲ್ಲಿ ಮಿಸ್ತ್ರಿ ಇದ್ದಾನೆ,” ಎಂದರು.

“ಮುಂದಿನ ಭಾನುವಾರ ಬರ್ತೀನಿ.”

“ನೋಡುವ,” ಎಂದರು ಸುಬೇದಾರರು. “ಜಗಲಿ ಮೇಲೆ ಕೂತಿರ್ತೇನೆ. ನಿಲ್ಲಿ ಒಂದು ನಿಮಿಷ, ಬೆನ್ನ ಮೇಲೆ ಏನೋ ಅಂಟಿದೆ.”

ಅವರು ಉಗುರಿನಿಂದ ಮೆಲ್ಲಗೆ ಅದನ್ನು ಬಿಡಿಸಿ ಬೆಳಕಿಗೆ ಹಿಡಿದರು. ಒಂದು ಕೆಂಪು ಬಾಣ.

ದಕ್ಷಿಣಾಮೂರ್ತಿಯವರು ಅದನ್ನು ನೋಡುತ್ತ ನಿಂತರು. ಬೆನ್ನ ಮೇಲೆ ಒತ್ತಿದ ಅತ್ತೆಯ ಅಂಗೈ ಇನ್ನೂ ಬೆಚ್ಚಗಿತ್ತು. ಮೂವತ್ತೊಂದು.

“ಬಿಸಾಕಲಾ?” ಎಂದು ಕೇಳಿದರು ಪೂವಣ್ಣ.

“ಬೇಡ. ಎಲ್ಲಿತ್ತೋ ಅಲ್ಲೇ ಅಂಟಿಸಿ,” ಎಂದರು ದಕ್ಷಿಣಾಮೂರ್ತಿಯವರು, ಬೆನ್ನು ತಿರುಗಿಸಿ. “ಅಂಟಿಸಿದವರೇ ಕೀಳಬೇಕು.”

ಪೂವಣ್ಣನವರ ಹೆಬ್ಬೆರಳು ಬೆನ್ನ ನಡುವೆ ಬಲವಾಗಿ ಒತ್ತಿತು. ದಕ್ಷಿಣಾಮೂರ್ತಿಯವರು ಸುತ್ತಿಗೆ ಹಿಡಿದು ಮೂರು ಮಹಡಿ ಹತ್ತತೊಡಗಿದರು.